ಯೂನೋಸ್ ರೋಡ್‌ಸ್ಟರ್ (ಎನ್‌ಎ): ಲೋವರ್ ಬಾಲ್ ಜಾಯಿಂಟ್ ಸವೆದಿದೆ, ಕ್ಯಾಮ್ ಬೋಲ್ಟ್‌ಗಳೂ ಜಾಮ್. ಎಲ್ಲಿಂದ ಶುರು ಮಾಡಲಿ?

ರೋಡ್‌ಸ್ಟರ್_ಬರ್ಮಿಂಗ್‌ಹ್ಯಾಮ್

1995ರ ಯೂನೋಸ್ ರೋಡ್‌ಸ್ಟರ್, ಅಂದರೆ ಮೊದಲ ತಲೆಮಾರಿನ (ಎನ್‌ಎ) ಮಾಜ್ದಾ ಎಂಎಕ್ಸ್-5, 1.8 ಎಂಜಿನ್, ಜಪಾನಿನಿಂದ ಇಂಗ್ಲೆಂಡಿಗೆ ಬಂದ ಗಾಡಿ. ಎಂಒಟಿಯಲ್ಲಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ಮುಂದಿನ ಎಡಗಡೆ ಲೋವರ್ ಬಾಲ್ ಜಾಯಿಂಟ್ (ಚಕ್ರ ಹೊತ್ತ ಭಾಗವನ್ನು ಕೆಳಗಿನ ಆರ್ಮ್‌ಗೆ ಸೇರಿಸುವ ಗುಂಡು ಕೀಲು) ಸವೆದಿದೆ ಅಂತ ‘ಮೇಜರ್’ ಬರೆದು ಫೇಲ್ ಮಾಡಿದ್ದಾರೆ. ಹಿಂದಿನ ಲೋವರ್ ಆರ್ಮ್ ಬುಷ್‌ಗಳು (ಆರ್ಮ್ ಕೀಲಿನ ರಬ್ಬರ್ ತುಂಡುಗಳು) ಬಿರುಕು ಬಿಟ್ಟಿವೆ ಅಂತ ಅಡ್ವೈಸರಿ (ಫೇಲ್ ಮಾಡದ ಎಚ್ಚರಿಕೆ) ಕೂಡ ಇದೆ. ವೀಲ್ ಅಲೈನ್‌ಮೆಂಟ್‌ಗೆ ಹೋದರೆ ಕ್ಯಾಮ್ ಬೋಲ್ಟ್ (ಆರ್ಮ್ ಸರಿಸಿ ಚಕ್ರದ ಕೋನ ಹೊಂದಿಸುವ ಬೋಲ್ಟ್) ಒಂದೂ ತಿರುಗುತ್ತಿಲ್ಲ, ಎಲ್ಲ ಕೊಯ್ದು ತೆಗೆಯಬೇಕು ಅನ್ನುತ್ತಾರೆ. ನಿಧಾನಕ್ಕೆ ಹೋಗುವಾಗ ಒಂದೇ ಚಕ್ರ ಗುಂಡಿಗೆ ಇಳಿದರೆ ಮುಂದೆ ‘ಟಕ್’ ಅನ್ನುತ್ತದೆ.

ಬಾಲ್ ಜಾಯಿಂಟ್ ಒಂದನ್ನೇ ಹಾಕಿದರೆ ಸಾಕೋ, ಇಡೀ ಆರ್ಮ್ ಬದಲಿಸಬೇಕೋ? ಕ್ಯಾಮ್ ಬೋಲ್ಟ್ ಕೆಲಸವನ್ನೂ ಈಗಲೇ ಮುಗಿಸಬೇಕಾ? ಮನೆಯಲ್ಲಿ ಟ್ರಾಲಿ ಜ್ಯಾಕ್, ನಾಲ್ಕು ಆಕ್ಸಲ್ ಸ್ಟ್ಯಾಂಡ್, ಟಾರ್ಕ್ ರೆಂಚ್ ಇವೆ. ಪ್ರೆಸ್ ಇಲ್ಲ.

ನಟ್ಟುಬೋಲ್ಟು

ಮೊದಲು ಎರಡೂ ಕೆಲಸ ಬೇರೆ ಬೇರೆ ಮಾಡಿಕೊಳ್ಳಿ. ಈ ಗಾಡಿಯ ಮುಂದಿನ ಲೋವರ್ ಬಾಲ್ ಜಾಯಿಂಟ್ ಆರ್ಮ್‌ಗೆ ಬೋಲ್ಟ್‌ಗಳಿಂದ ಕೂತಿರುತ್ತದೆ. ಅದನ್ನು ಬದಲಿಸಲು ಕ್ಯಾಮ್ ಬೋಲ್ಟ್ ಮುಟ್ಟುವ ಅಗತ್ಯವೇ ಇಲ್ಲ. ಆರ್ಮ್ ತುಕ್ಕು ತಿಂದು ತೆಳುವಾಗಿಲ್ಲ, ಬಾಗಿಲ್ಲ ಅಂದರೆ ಜಾಯಿಂಟ್ ಮಾತ್ರ ಹಾಕಿ. ಮೇಲಿನ ಬಾಲ್ ಜಾಯಿಂಟ್ ಹಾಗಲ್ಲ, ಕಂಪನಿಯಿಂದ ಅಪ್ಪರ್ ಆರ್ಮ್ ಸಮೇತವೇ ಬರುತ್ತದೆ.

ಹಾಕುವ ಮುಂಚೆ ಆಟ ನಿಜಕ್ಕೂ ಎಲ್ಲಿದೆ ನೋಡಿ. ಜ್ಯಾಕನ್ನು ಛಾಸಿಗೆ ಕೊಡಬೇಡಿ, ಲೋವರ್ ಆರ್ಮ್‌ನ ಹೊರತುದಿಗೆ ಕೊಟ್ಟು ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ. ಇದರಲ್ಲಿ ಶಾಕ್ ಅಬ್ಸಾರ್ಬರ್ ಲೋವರ್ ಆರ್ಮ್ ಮೇಲೆ ಕೂರುತ್ತದೆ, ಹಾಗಾಗಿ ಭಾರ ಹೊರುವುದು ಕೆಳಗಿನ ಜಾಯಿಂಟೇ. ಚಕ್ರ ಪೂರ್ತಿ ಜೋತು ಬಿದ್ದಿದ್ದರೆ ಸಣ್ಣ ಆಟ ಕಾಣಿಸದೇ ಹೋಗಬಹುದು. ಟೈರ್ ಕೆಳಗೆ ಉದ್ದನೆ ಹಾರೆ ಕೊಟ್ಟು ಮೀಟಿ, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟು ನೋಡಲಿ. ಆಮೇಲೆ ಚಕ್ರದ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ತುಳಿದಾಗ ಅಲುಗಾಟ ನಿಂತರೆ ಅದು ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ-ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ತುದಿ ಅಥವಾ ಸ್ಟಿಯರಿಂಗ್ ರ್‍ಯಾಕ್.

ಆ ‘ಟಕ್’ ಸದ್ದು (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಕಂಬಿ) ಆಂಟಿ-ರೋಲ್ ಬಾರ್‌ನ ಲಿಂಕ್‌ನಿಂದಲೂ ಬರಬಹುದು. ಎರಡೂ ಕಡೆ ಲಿಂಕ್ ಬಿಚ್ಚಿ, ಬಾರ್ ಯಾವುದಕ್ಕೂ ತಾಗದ ಹಾಗೆ ಕಟ್ಟಿ, ಅದೇ ಗುಂಡಿ ಮೇಲೆ ನಿಧಾನಕ್ಕೆ ಹೋಗಿ ನೋಡಿ. ಸದ್ದು ಹೋದರೆ ಅದೇ. ಆದರೆ ಈ ಪರೀಕ್ಷೆ ಬಾಲ್ ಜಾಯಿಂಟ್ ಹೊಸದು ಹಾಕಿದ ಮೇಲೆ. ಸವೆದ ಜಾಯಿಂಟ್ ಕಿತ್ತುಬಂದರೆ ಚಕ್ರ ಮಡಚಿಕೊಂಡು ಸ್ಟಿಯರಿಂಗೇ ಇಲ್ಲದಾಗುತ್ತದೆ. ‘ಮೇಜರ್’ ಅಷ್ಟೇ, ‘ಡೇಂಜರಸ್’ ಅಲ್ಲವಲ್ಲ ಅಂತ ಓಡಿಸುತ್ತಾ ಇರಬೇಡಿ.

ಬದಲಿಸುವಾಗ: ನಟ್ಟು ಪೂರ್ತಿ ತೆಗೆಯದೆ ನಾಲ್ಕೈದು ಎಳೆ ಉಳಿಸಿ, ಸೆಪರೇಟರ್ (ಜಾಯಿಂಟ್ ಬಿಡಿಸುವ ಉಪಕರಣ) ಹಾಕಿ ಬಿಗಿ ಮಾಡಿ, ಆಮೇಲೆ ನಕ್ಕಲ್‌ನ (ಚಕ್ರದ ಹಬ್ ಕೂರುವ ಲೋಹದ ತುಂಡು) ಕಣ್ಣಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ಗಟ್ಟಿಯಾಗಿ ಎರಡು ಏಟು. ಸ್ಟಡ್ ತಲೆಗೆ ಹೊಡೆಯಬೇಡಿ. ಕವಲಿನ ಉಪಕರಣ (ಪಿಕಲ್ ಫೋರ್ಕ್) ಹಾಕಿ ಬಡಿದರೆ ಬೂಟ್ ಹರಿಯುತ್ತದೆ, ಅದನ್ನು ಎಸೆಯುವ ಜಾಯಿಂಟ್‌ಗೆ ಮಾತ್ರ ಬಳಸಿ. ನಕ್ಕಲ್ ಬ್ರೇಕ್ ಹೋಸ್ ಮೇಲೆ ನೇತಾಡದಂತೆ ತಂತಿಯಲ್ಲಿ ಮೇಲಕ್ಕೆ ಕಟ್ಟಿ. ಹೊಸ ಸ್ಟಡ್‌ನ ಟೇಪರ್ ಮತ್ತು ನಕ್ಕಲ್‌ನ ತೂತು ಎರಡೂ ಒಣಗಿ ಶುಚಿಯಾಗಿರಬೇಕು, ಗ್ರೀಸ್ ಬೇಡ. ಸ್ಪ್ಲಿಟ್ ಪಿನ್ ತೂತು ಸರಿಹೋಗದಿದ್ದರೆ ನಟ್ಟನ್ನು ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ಸಡಿಲಿಸಬೇಡಿ. ಪಿನ್ ಹೊಸದೇ ಇರಲಿ. ಎರಡೂ ಕಡೆ ಒಟ್ಟಿಗೆ ಹಾಕಿ. ತೀರಾ ಅಗ್ಗದ ಜಾಯಿಂಟ್‌ಗಳಲ್ಲಿ ಬೂಟ್ ಬೇಗ ಬಿರಿದು ನೀರು ಹೋಗುತ್ತದೆ. ಮಾಜ್ದಾದ್ದೇ ಅಥವಾ ಹೆಸರಿರುವ ಜಪಾನಿ ತಯಾರಿಕೆ ತಗೊಳ್ಳಿ.

ಹಳೇಗಾಡಿ_ಹುಬ್ಳಿ

ಕ್ಯಾಮ್ ಬೋಲ್ಟ್ ವಿಚಾರಕ್ಕೆ ಬರ್ತೀನಿ. ಮುಂದೆ ನಾಲ್ಕು, ಹಿಂದೆ ನಾಲ್ಕು, ಒಟ್ಟು 8. ಹಿಂದಿನ ಲೋವರ್ ಆರ್ಮ್‌ನ ಹೊರತುದಿಯಲ್ಲಿ ಉದ್ದ ಬೋಲ್ಟ್ ಎರಡು ಬೇರೆ, ಅವು ಇನ್ನೂ ಹಟಮಾರಿ. ಚಳಿಗಾಲದ ಉಪ್ಪು ನೀರು ಬುಷ್‌ನ ಒಳಗಿನ ಉಕ್ಕಿನ ಕೊಳವೆಗೂ ಬೋಲ್ಟ್‌ಗೂ ನಡುವೆ ಇಳಿದು, ತುಕ್ಕು ಉಬ್ಬಿ ಎರಡನ್ನೂ ಒಂದು ಮಾಡಿಬಿಡುತ್ತದೆ. ನಟ್ಟು ಸಲೀಸಾಗಿ ಬಿಚ್ಚಿತು ಅಂತ ಖುಷಿಪಡಬೇಡಿ. ನಟ್ಟು ಸಡಿಲಿಸಿ ಬೋಲ್ಟ್ ತಲೆಯನ್ನು ಉದ್ದ ಹಿಡಿಯ ಪಾನಾದಲ್ಲಿ ಸ್ವಲ್ಪ ತಿರುಗಿಸಿ. ತಿರುಗಿ, ಬಿಟ್ಟ ಕೂಡಲೇ ಸ್ಪ್ರಿಂಗಿನ ಹಾಗೆ ವಾಪಸ್ ಬಂದರೆ ನೀವು ತಿರುಚಿದ್ದು ರಬ್ಬರನ್ನು. ಬೋಲ್ಟ್ ಕೊಳವೆಗೆ ಕಚ್ಚಿದೆ ಅಂತ ಅರ್ಥ.

ಹಾಗಿದ್ದಾಗ ಎರಡು ಮೂರು ದಿನ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ನೋಡಿ, ಆಗಲಿಲ್ಲ ಅಂದರೆ ಕೊಯ್ಯೋದೇ. ಇಂಪ್ಯಾಕ್ಟ್ ಗನ್‌ನಲ್ಲಿ ಜಗ್ಗಿದರೆ ಸಬ್‌ಫ್ರೇಮ್ (ಆರ್ಮ್‌ಗಳು ಕೂರುವ ಚೌಕಟ್ಟು) ಮೇಲಿನ ಕ್ಯಾಮ್ ಅಂಚುಗಳು ಬಾಗುತ್ತವೆ, ಆಮೇಲೆ ಹೊಸ ಬೋಲ್ಟ್ ಹಾಕಿದರೂ ಅಲೈನ್‌ಮೆಂಟ್ ನಿಲ್ಲೋದಿಲ್ಲ. ಪ್ರತಿ ಬೋಲ್ಟ್‌ಗೂ ಎರಡು ಕೊಯ್ತ: ಬುಷ್‌ಗೂ ಸಬ್‌ಫ್ರೇಮ್ ಕಿವಿಗೂ ನಡುವೆ, ಆ ಕಡೆ ಈ ಕಡೆ. ರೆಸಿಪ್ರೊಕೇಟಿಂಗ್ ಗರಗಸ, ಕಾರ್ಬೈಡ್ ಬ್ಲೇಡ್. ಮಾಮೂಲಿ ಬ್ಲೇಡ್ ಆ ಬೋಲ್ಟ್‌ನ ಮೇಲೆ ಹಲ್ಲು ಕಳಕೊಳ್ಳುತ್ತೆ. ನಿಧಾನ ವೇಗ, ಎಣ್ಣೆ ಬಿಡ್ತಾ ಇರಿ. ಕಿವಿಗೆ ಬ್ಲೇಡ್ ತಾಗಬಾರದು, ಬುಷ್ ಕಡೆಗೇ ಒತ್ತಿ ಕೊಯ್ಯಿರಿ. ಹೇಗೂ ಬುಷ್ ಎಸೀತೀರಲ್ಲ.

ಹಿಂದುಗಡೆ ಗ್ಯಾಸ್ ಟಾರ್ಚ್ ಹಚ್ಚಲೇಬೇಡಿ. ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ, ನೀವು ಕೆಲಸ ಮಾಡೋ ಜಾಗದ ಮೇಲೇ ಇದೆ.

ಇನ್ನೊಂದು, ಸ್ಟ್ಯಾಂಡ್ ಇಡೋ ಮುಂಚೆ ಹಿಂದಿನ ಚಕ್ರದ ಮುಂಭಾಗದ ಸಿಲ್ (ಬಾಗಿಲ ಕೆಳಗಿನ ಪಟ್ಟಿ) ತಟ್ಟಿ ನೋಡಿ. ಎನ್‌ಎ ಮೊದಲು ಕೊಳೆಯೋದೇ ಅಲ್ಲಿ. ಟೊಳ್ಳು ಸದ್ದು ಬಂದರೆ ಸ್ಟ್ಯಾಂಡ್ ಸಬ್‌ಫ್ರೇಮ್‌ಗೆ ಕೊಡಿ.

ರೋಡ್‌ಸ್ಟರ್_ಬರ್ಮಿಂಗ್‌ಹ್ಯಾಮ್

ಇಬ್ಬರಿಗೂ ಧನ್ಯವಾದ. ಬೋಲ್ಟ್ ತಿರುಗಿಸಿ ನೋಡಿದೆ, ಎಂಟರಲ್ಲಿ ಆರು ವಾಪಸ್ ಬರುತ್ತಿವೆ. ಬಾಲ್ ಜಾಯಿಂಟ್ ಈಗ, ಬುಷ್ ಕೆಲಸ ಚಳಿಗಾಲದಲ್ಲಿ ಒಟ್ಟಿಗೆ. ಬುಷ್ ರಬ್ಬರೋ, ಪಾಲಿಯುರೆಥೇನೋ? ಪ್ರೆಸ್ ಇಲ್ಲದಿರುವುದರಿಂದ ಪಾಲಿ ಸುಲಭ ಅನ್ನಿಸುತ್ತಿದೆ.

ತಿರುವುದಾರಿ

ಪಾಲಿ ಕೈಯಲ್ಲೇ ಕೂರುತ್ತೆ, ನಿಜ. ಆದರೆ ಹಳೆ ಬುಷ್‌ನ ಹೊರಕವಚ ತೆಗೆಯೋದು ಎರಡಕ್ಕೂ ತಪ್ಪಿದ್ದಲ್ಲ. ಒಂದು ಕಡೆ ಹ್ಯಾಕ್ಸಾದಿಂದ ಒಳಗಿನಿಂದ ಸೀಳಿ (ಆರ್ಮ್‌ಗೆ ಗಾಯ ಆಗದಂತೆ), ಉಳಿಯಿಂದ ಒಳಕ್ಕೆ ಮಡಚಿದರೆ ಬರುತ್ತೆ. ರಬ್ಬರ್ ಬುಷ್ ಕೂರಿಸಲು ಪ್ರೆಸ್ಸೇ ಬೇಕಂತಿಲ್ಲ. ಗಟ್ಟಿ ಥ್ರೆಡ್ ರಾಡ್, ದಪ್ಪ ವಾಷರ್, ಅಳತೆಗೆ ಸರಿಯಾದ ಎರಡು ಸಾಕೆಟ್ ಸಾಕು. ರಸ್ತೆ ಗಾಡಿಗೆ ನನ್ನ ಮತ ರಬ್ಬರ್‌ಗೇ. ಒಂದು ಟನ್ನಿಗಿಂತ ಕಡಿಮೆ ತೂಕದ ಗಾಡಿ ಇದು, ಬುಷ್ ಗಡುಸಾದಷ್ಟೂ ರಸ್ತೆಯ ಸಣ್ಣ ಒರಟೆಲ್ಲ ಸೀಟಿಗೆ ಬರುತ್ತೆ. ಪಾಲಿ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತೆ.

ರಬ್ಬರ್ ಹಾಕಿದವರು ಬಹಳ ಮಂದಿ ಎಡವುವ ಜಾಗ ಒಂದಿದೆ. ಬೋಲ್ಟ್ ಬಿಗಿ ಮಾಡಿದ ಕ್ಷಣದಿಂದ ಒಳಕೊಳವೆ ಸಬ್‌ಫ್ರೇಮ್‌ಗೆ ಕಚ್ಚಿಕೊಳ್ಳುತ್ತೆ, ಆಮೇಲೆ ಆರ್ಮ್ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ, ಗಾಡಿ ಇಳಿಸಿದಾಗಲೇ ರಬ್ಬರ್ ತಿರುಚಿ ನಿಂತಿರುತ್ತೆ. ಗಾಡಿ ಎತ್ತರವಾಗಿ ನಿಲ್ಲುತ್ತೆ, ಹೊಸ ಬುಷ್ ಬೇಗ ಹರಿಯುತ್ತೆ. ಅದಕ್ಕೆ ಕೆಲಸ ಶುರು ಮಾಡುವ ಮುಂಚೆ, ಗಾಡಿ ನೆಲದ ಮೇಲಿದ್ದಾಗ, ನಾಲ್ಕೂ ಚಕ್ರದಲ್ಲಿ ಹಬ್ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಮಿಲಿಮೀಟರಿನಲ್ಲಿ ಅಳೆದು ಬರೆದಿಡಿ. ಕೊನೆಗೆ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಅದೇ ಅಳತೆಗೆ ಎತ್ತಿ ಬಿಗಿ ಮಾಡಿ. ಅಪ್ಪರ್ ಆರ್ಮ್ ಬೋಲ್ಟ್‌ಗೂ ಇದೇ ಲೆಕ್ಕ.

ಹಳೇಗಾಡಿ_ಹುಬ್ಳಿ

ಒಂದು ಸೇರಿಸ್ತೀನಿ. ತುಕ್ಕು ತಡೆಯೋ ಗ್ರೀಸ್ ಹಚ್ಚೋದು ಬೋಲ್ಟ್‌ನ ನುಣುಪು ಭಾಗಕ್ಕೆ ಮತ್ತು ಕೊಳವೆ ಒಳಗೆ ಮಾತ್ರ. ಎಳೆಗಳಿಗೆ ಹಚ್ಚಿ ಮ್ಯಾನುಯಲ್‌ನ ಟಾರ್ಕ್ ಕೊಟ್ಟರೆ ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಹಿಗ್ಗುತ್ತೆ. ವೀಲ್ ನಟ್ 88–118 ನ್ಯೂಟನ್ ಮೀಟರ್. ಉಳಿದವು ನಿಮ್ಮ ವರ್ಷದ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ನೋಡಿ, ಅಂದಾಜು ಬೇಡ.

ನಟ್ಟುಬೋಲ್ಟು

ಹೊಸ ಕ್ಯಾಮ್‌ಗಳನ್ನು ಮಧ್ಯದ ಗುರುತಿಗೆ ಇಟ್ಟು, ದಾರ ಕಟ್ಟಿ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸುಮಾರಾಗಿ ನೇರ ಮಾಡಿ, ನಿಧಾನಕ್ಕೆ ಅಲೈನ್‌ಮೆಂಟ್‌ಗೆ ಓಡಿಸಿ. ಟೈರ್ 26 ಪಿಎಸ್‌ಐ, ಟ್ಯಾಂಕ್ ಅರ್ಧ, ಓಡಿಸುವವರ ತೂಕ ಸೀಟಿನಲ್ಲಿ. ರಸ್ತೆಗೆ ಮುಂದೆ ಕ್ಯಾಂಬರ್ (ಚಕ್ರದ ಒಳ-ಹೊರ ವಾಲು) −1°, ಹಿಂದೆ −1.5°, ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷದ ಹಿಂದಿನ ವಾಲು) 5° ಹತ್ತಿರ, ಮುಂದಿನ ಟೋ ಸೊನ್ನೆ, ಹಿಂದೆ ಒಟ್ಟು 2–3 ಮಿಮೀ ಟೋ-ಇನ್ ಕೇಳಿ. ಹಿಂದಿನ ಟೋ ಹೊರಕ್ಕೆ ಹೋಗದ ಹಾಗೆ ನೋಡಿಕೊಳ್ಳಿ: 2265 ಮಿಮೀ ವೀಲ್‌ಬೇಸ್, ಹಿಂದಿನ ಚಕ್ರದ ಚಾಲನೆ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ. ನೂರೈವತ್ತು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟುಗಳಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ.