ಮಂಡಿಚಿಪ್ಪು ಜಾರೋದಕ್ಕೆ ಲಿಗಮೆಂಟ್ ಸಾಕಾ, ಮೂಳೆನೂ ಕತ್ತರಿಸ್ಬೇಕಾ? ಮಾಡಿಸ್ಕೊಂಡೋರು ಹೇಳಿ

ಹಾಸನದಮ್ಮ: ಮಗಳಿಗೆ 17, ಭರತನಾಟ್ಯ ಕಲೀತಿದಾಳೆ. ಬಲಗಾಲಿನ ಚಿಪ್ಪು ಪದೇ ಪದೇ ಹೊರಗಡೆ ಜಾರ್ತಿದೆ, ಫಿಜಿಯೋ ಎಲ್ಲಾ ಆಯ್ತು. ಒಬ್ಬ ಡಾಕ್ಟ್ರು ಎಂಪಿಎಫ್‌ಎಲ್ (ಚಿಪ್ಪನ್ನ ಒಳಗಡೆಯಿಂದ ಹಿಡಿದಿಡೋ ಲಿಗಮೆಂಟ್) ಮಾತ್ರ ಹೊಸದಾಗಿ ಹಾಕಿದ್ರೆ ಸಾಕು ಅಂತಾರೆ, ಇನ್ನೊಬ್ರು ಟಿಟಿ-ಟಿಜಿ (ಚಿಪ್ಪಿನ ಕೆಳಗಿನ ಮೂಳೆ ಉಬ್ಬು ತೊಡೆಮೂಳೆ ಕಾಲುವೆಯಿಂದ ಎಷ್ಟು ಹೊರಗಿದೆ ಅನ್ನೋ ಅಳತೆ) 19 ಮಿಲಿಮೀಟರ್ ಇದೆ, ಆ ಉಬ್ಬು, ಅಂದ್ರೆ ಟ್ಯೂಬರ್ಕಲ್ಲೂ ಸರಿಸ್ಬೇಕು ಅಂತಾರೆ. ಆಮೇಲೆ ಅರಮಂಡಿ ಕೂರಕ್ಕಾಗುತ್ತಾ?

ಕುಂಟಪ್ಪ: ಯಾರಾದ್ರೂ ಬರೀ ಲ್ಯಾಟರಲ್ ರಿಲೀಸ್ ಅಂದ್ರೆ ಫೈಲ್ ಎತ್ಕೊಂಡು ಎದ್ದು ಬನ್ನಿ. ನಂಗೆ 2011ರಲ್ಲಿ ಅದನ್ನೇ ಮಾಡಿದ್ರು, ಹೊರಗಡೆ ಪಟ್ಟಿ ಬಿಡಿಸಿದ್ರೆ ಚಿಪ್ಪು ತಾನಾಗೇ ದಾರಿಗೆ ಬರುತ್ತೆ ಅಂತ. ಎಲ್ಲಿ ಬಂತು? ಮೊದ್ಲು ಹೊರಗೆ ಜಾರ್ತಿತ್ತು, ಆಮೇಲೆ ಒಳಗೂ ವಾಲಕ್ಕೆ ಶುರು. ಮತ್ತೆ ಎಂಪಿಎಫ್‌ಎಲ್ ಮಾಡಿಸ್ದೆ, ಬಿಲ್ 2,38,000. ಅದ್ರಲ್ಲಿ ಆಂಕರ್ (ಲಿಗಮೆಂಟನ್ನ ಮೂಳೆಗೆ ಕಚ್ಚಿಸೋ ಮೊಳೆ) ಎರಡು ಸೇರಿ 64,000, ರೂಮು ದಿನಕ್ಕೆ 6,500, ಗ್ಲೌಸು ಹತ್ತಿ ಇತ್ಯಾದಿ 9,300! ಆ ಹತ್ತೀಲಿ ಮನೇಗೊಂದು ಹಾಸಿಗೆ ಹೊಲಿಸ್ಬೋದಿತ್ತು.

ಎರಡುಸ್ಕ್ರೂ: ನಂದು ಟಿಟಿ-ಟಿಜಿ 23, ಚಿಪ್ಪೂ ಮೇಲಿತ್ತು, ಅದರ ಎತ್ತರದ ಅಳತೆ ಕೇಟನ್ ಡೆಶಾಂಪ್ 1.35. ಫುಲ್ಕರ್ಸನ್ (ಟ್ಯೂಬರ್ಕಲ್ ಕತ್ತರಿಸಿ ಒಳಗಡೆಗೆ, ಮುಂದಕ್ಕೆ ಸರಿಸಿ ಸ್ಕ್ರೂ ಹಾಕೋದು) ಮಾಡಿ ಕೆಳಗೂ ಇಳಿಸಿದ್ರು, ಜೊತೆಗೆ ಎಂಪಿಎಫ್‌ಎಲ್. ಆರು ವಾರ ಊರುಗೋಲು, ತೊಡೆ ಸಣಕಲಾಗಿ ಪ್ಯಾಂಟ್ ಒಂದು ಕಡೆ ಜೋತಾಡ್ತಿತ್ತು. ದೇವ್ರ ಮುಂದೆ ಮಂಡಿಯೂರಿದ್ರೆ ಸ್ಕ್ರೂ ಚುಚ್ಚೋದು, ಅದನ್ನ ತೆಗೆಸಕ್ಕೆ ಮತ್ತೆ 48,000. ಆದ್ರೂ ಇವತ್ತಿನ ತನಕ ಒಂದ್ಸಲಾನೂ ಜಾರಿಲ್ಲ. ಮೂಳೆ ಸೊಟ್ಟ ಇಟ್ಕೊಂಡು ಲಿಗಮೆಂಟ್ ಹಾಕಿಸ್ಕೊಳ್ಳೋದು ದುಡ್ಡು ದಂಡ.

ಶಟಲ್_ರಾಣಿ: ಎಲ್ರ ಮೂಳೆನೂ ನಿಮ್ದೇ ಥರ ಸೊಟ್ಟ ಇರಲ್ಲ ಸ್ವಾಮಿ. 20 ದಾಟಿದ್ರೆ ಮೂಳೆ ಯೋಚನೆ ಮಾಡ್ತಾರೆ, 19ಕ್ಕೆ ಯಾಕೆ ಹೆದರಿಸ್ತೀರಾ. ನಂಗೆ ತೊಡೆ ಒಳಬದಿಯ ಗ್ರಾಸಿಲಿಸ್ ಸ್ನಾಯುವಿನ ನಾರು ತೆಗೆದು, ಅದನ್ನೇ ಗ್ರಾಫ್ಟ್ ಆಗಿ ಕೂರಿಸಿ ಬರೀ ಎಂಪಿಎಫ್‌ಎಲ್ ಮಾಡಿದ್ದು. ತೊಂದ್ರೆ ಆಗಿಲ್ಲ ಅಂತಲ್ಲ, ತೊಡೆಮೂಳೇಲಿ ಅದನ್ನ ಕೂರಿಸೋ ತೂತು, ಟನೆಲ್, ಒಂಚೂರು ಮೇಲೆ ಕೊರೆದಿದ್ರು, ಮಡಚಿದಾಗೆಲ್ಲಾ ಗ್ರಾಫ್ಟ್ ಬಿಗಿಯೋದು, 90 ಡಿಗ್ರಿ ದಾಟ್ತಾನೇ ಇರ್ಲಿಲ್ಲ. ಅನಸ್ತೇಷಿಯಾ ಕೊಟ್ಟು ಮಡಚಿಸಿದ್ರು, ಅದಕ್ಕೆ 35,000, ಇನ್ಶೂರೆನ್ಸ್‌ನೋರು ಕೊಡಲ್ಲ ಅಂದ್ರು, ಜಗಳ ಆಡಿ ಅರ್ಧ ವಸೂಲಿ ಮಾಡ್ದೆ. ಈಗ ಶಟಲ್ ಆಡ್ತೀನಿ.

ಎರಡುಸ್ಕ್ರೂ: 19 ಎಂಆರ್‌ಐದಾ ಸಿಟಿದಾ ಕೇಳಿದ್ರಾ ಮೊದ್ಲು? ಎಂಆರ್‌ಐನಲ್ಲಿ ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ಕಮ್ಮೀನೇ ಬರೋದು, ಸಿಟೀಲಿ ಅದೇ ಕಾಲು 20 ದಾಟ್ಬೋದು.

ಶಟಲ್_ರಾಣಿ: ದಾಟ್ಬೋದು, ದಾಟ್ದೇನೂ ಇರ್ಬೋದು. ನೀವು ಸ್ಕ್ರೂ ಹಾಕಿಸ್ಕೊಂಡ್ರಿ ಅಂತ ಊರಿಗೆಲ್ಲಾ ಹಾಕಿಸ್ಬೇಕಾ?

ಹಾಸನದಮ್ಮ: ಎಂಆರ್‌ಐದು. ಸಿಟಿ ಯಾರೂ ಹೇಳಿಲ್ಲ. ಅರಮಂಡಿ...?

ಮಲ್ನಾಡ್_ಮಾವ: ನಮ್ಮೂರಲ್ಲಿ ಎಣ್ಣೆ ತೀಡಿ ಕಟ್ಟು ಹಾಕ್ತಾರೆ, ಮೂರು ಕಟ್ಟಿಗೆ ಸರಿ. ಎಳೇ ಹುಡ್ಗಿ ಕಾಲಿಗೆ ಕತ್ತಿ ಯಾಕೆ ಹಾಕಿಸ್ತೀರಿ.

ಕುಂಟಪ್ಪ: ಮಾವ, ನನ್ನ ತಮ್ಮಂಗೂ ಅಂಥದ್ದೇ ಕಟ್ಟು ಹಾಕಿಸಿದ್ರು. ಚಿಪ್ಪು ಜಾರಿದಾಗ ಒಡೆದಿದ್ದ ಮೂಳೆ ಸಮೇತ ಕಾರ್ಟಿಲೇಜ್ ಚೂರು ಕೀಲೊಳಗೆ ಓಡಾಡ್ತಿತ್ತು, ಕಾಲು ಲಾಕ್ ಆಗೋದು. ಎಣ್ಣೆ ಅದನ್ನ ತೆಗೀತದಾ?

ಮಲ್ನಾಡ್_ಮಾವ: ನಮ್ಮಜ್ಜ ಕಟ್ಟು ಹಾಕಿಸ್ಕೊಂಡು 80ರ ತನಕ ಗದ್ದೆ ಉತ್ತಿದಾರೆ. ನಿಮ್ಮ ಎರಡೂವರೆ ಲಕ್ಷದ ಮಂಡಿ ನೋಡಣ ಎಷ್ಟು ದಿನ ಬರ್ತದೆ.

ಫಿಜಿಯೋ_ಪಮ್ಮಿ: ಗ್ರೂವ್ ಬಗ್ಗೆ ಒಬ್ರೂ ಮಾತಾಡ್ತಿಲ್ವಲ್ಲ. ನನ್ನ ಅಕ್ಕನ ತೊಡೆಮೂಳೇಲಿ ಚಿಪ್ಪು ಓಡಾಡೋ ಕಾಲುವೇನೇ ಇರ್ಲಿಲ್ಲ, ರಿಪೋರ್ಟಲ್ಲಿ ಡಿಜೂರ್ ಡಿ, ಅಂದ್ರೆ ಕಾಲುವೆ ತೀರಾ ಕೆಟ್ಟಿರೋ ದರ್ಜೆ, ಅಂತ ಬಂತು. ಅವಳಿಗೆ ಟ್ರೋಕ್ಲಿಯೋಪ್ಲಾಸ್ಟಿ ಮಾಡಿ ಕಾಲುವೆ ಕೆತ್ತಬೇಕಾಯ್ತು, ಅದನ್ನ ಮಾಡೋ ಡಾಕ್ಟ್ರು ಕಮ್ಮಿ, ಹುಡುಕೋದ್ರಲ್ಲೇ ಸುಸ್ತಾದ್ವಿ. ಹಾಸನದಮ್ಮ, ಗ್ರೋತ್ ಪ್ಲೇಟ್ (ಮೂಳೆ ಉದ್ದ ಬೆಳೆಯೋ ಜಾಗ) ಮುಚ್ಚಿದೆಯಾ ಎಕ್ಸ್‌ರೇಲಿ ಅಂತ ಕೇಳಿ, ತೆರೆದಿದ್ರೆ ಟ್ಯೂಬರ್ಕಲ್ ಮುಟ್ಟಲ್ಲ, ಕಾಲು ಹಿಂದಕ್ಕೆ ಬಾಗಿ ಬೆಳೆಯೋ ಭಯ. ಅರಮಂಡೀಲಿ ತಿರುವು ಸೊಂಟದಿಂದ ಬರ್ಬೇಕು, ಪಾದ ಮಾತ್ರ ತಿರುಗಿಸಿ ಮಂಡಿ ಒಳಗೆ ಬಿಟ್ರೆ ಯಾವ ಸರ್ಜರೀನೂ ಬಾಳಲ್ಲ.

ಎರಡುಸ್ಕ್ರೂ: ಬ್ರೇಸ್ ದುಡ್ಡು ಮಾತ್ರ ಕೈಯಿಂದಾನೇ ಇಟ್ಕೊಳ್ಳಿ, ಇನ್ಶೂರೆನ್ಸ್‌ನೋರು ಕೊಡದಿರೋ ಸಾಮಾನಿನ ಪಟ್ಟೀಲೇ ಮಂಡಿ ಬ್ರೇಸ್ ಇದೆ. ನನ್ನ ಹಿಂಜ್ ಬ್ರೇಸ್ 7,200.

ಶಟಲ್_ರಾಣಿ: 7,200ಆ? ಟೋಪಿ ಹಾಕಿದಾರೆ ನಿಮ್ಗೆ. ಸರ್ಜಿಕಲ್ ಅಂಗಡೀಲಿ ನಂಗೆ 3,900ಕ್ಕೆ ಸಿಕ್ತು.

ಎರಡುಸ್ಕ್ರೂ: ಡಿಗ್ರಿ ಲಾಕ್ ಇರೋದು ಆ ರೇಟಿಗೆ ಸಿಗಲ್ಲ. ನಿಮ್ದು ಬರೀ ಪಟ್ಟಿ.

ಶಟಲ್_ರಾಣಿ: ಲಾಕ್ ಇದೆ ರೀ, ಅಟ್ಟದ ಮೇಲೆ ಬಿದ್ದಿದೆ, ಬೇಕಾದ್ರೆ ಫೋಟೋ ಹಾಕ್ತೀನಿ.

ಹಾಸನದಮ್ಮ: ಅಟ್ಟದ ಮೇಲೆ ಸುಮ್ನೆ ಇದ್ರೆ ನಮಗೆ ಕೊಡ್ತೀರಾ? ಸೈಜ್ ಯಾವ್ದು?