ಅಡುಗೆ ಕಟ್ಟೆಗೆ ಗಟ್ಟಿ ಮರ: ಬೆಂಗಳೂರಿನಲ್ಲಿ ಒಣಗಿದ ಹಲಗೆ ಎಲ್ಲಿ ಸಿಗುತ್ತದೆ?

ಕಟ್ಟೆಮನೆ (ಪ್ರಶ್ನೆ)

ನಮಸ್ಕಾರ. ನಮ್ಮ ಅಡುಗೆಮನೆಯಲ್ಲಿ ಒಲೆ, ಸಿಂಕ್ ಇರುವ ಕಡೆ ಗ್ರಾನೈಟ್ ಇದೆ. ಎದುರು ಗೋಡೆಗೆ 7 ಅಡಿ ಉದ್ದ, 2 ಅಡಿ ಅಗಲದ ಮರದ ಕಟ್ಟೆಯನ್ನು ನಾನೇ ಮಾಡಬೇಕು ಅಂತ ಆಸೆ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಅಲ್ಲೇ ಆಗಬೇಕು. ದಪ್ಪ ಒಂದೂವರೆ ಇಂಚು. ಸರ್ಕ್ಯುಲರ್ ಸಾ, ಕೈ ಪ್ಲೇನರ್, ಕ್ಲಾಂಪ್‌ಗಳಿವೆ.

ಮರ ಸಿಗುವುದೇ ಕಷ್ಟವಾಗಿದೆ. ಹೆಚ್ಚಿನ ಅಂಗಡಿಗಳಲ್ಲಿ ಪ್ಲೈವುಡ್ ಮಾತ್ರ. ಟಿಂಬರ್ ಅಂಗಡಿಗೆ ಹೋದರೆ ಬಾಗಿಲ ಚೌಕಟ್ಟಿನ ಅಳತೆ, ಅಂದರೆ 5×3, 4×2.5 ಇಂಚು ಬಿಟ್ಟು ಬೇರೆ ಮಾತಾಡುವುದಿಲ್ಲ. ಒಂದು ಕಡೆ ‘ಚೆನ್ನಾಗಿ ಒಣಗಿದೆ’ ಅಂತ ತೇಗದ ಹಲಗೆ ಕೊಟ್ಟರು. ಮನೆಯೊಳಗೆ ಇಟ್ಟ ಕೆಲವೇ ವಾರಕ್ಕೆ ಅದು ದೋಣಿಯ ಹಾಗೆ ಬಾಗಿತು. ಇನ್ನೊಬ್ಬರು ಹೊನ್ನೆ ತಗೊಳ್ಳಿ, ರೇಟು ಕಮ್ಮಿ ಅಂತಿದ್ದಾರೆ. ಯಾವ ಮರ, ಎಲ್ಲಿ, ಏನು ನೋಡಿ ತರಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಉಜ್ಜುಗೊರಡು

ಹಲಗೆ ಬಾಗಿತು ಅಂದರೆ ಒಳಗೆ ಹಸಿ ಇತ್ತು ಅಂತಲೇ ಅರ್ಥ. ತೇಗವಾಗಲಿ, ಹಲಸಾಗಲಿ, ಹಸಿ ಇದ್ದರೆ ಬಾಗುತ್ತದೆ. ಹಾಗಾಗಿ ಮೊದಲು ಒಣಗಿದ ಮರ ಯಾರ ಹತ್ತಿರ ಇದೆ ಅಂತ ಹುಡುಕಿ, ಜಾತಿ ಆಮೇಲೆ ನೋಡೋಣ. ತೇಗ ಅನ್ನುವ ಹೆಸರಿಗೆ ದುಡ್ಡು ಕೊಟ್ಟು ಹಸಿ ಮರ ತರುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಚಿಲ್ಲರೆ ಅಂಗಡಿ ಬಿಡಿ. ದಿಮ್ಮಿ ಕೊಯ್ಯುವ ಸಾಮಿಲ್ ಇರುವ ಕಡೆ ಹೋಗಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಿಂದ ಶುರು ಮಾಡಬಹುದು. ಬೆಳಿಗ್ಗೆ ಹೋದರೆ ಮಾಲೀಕರು ಮಾತಿಗೆ ಸಿಗುತ್ತಾರೆ. ‘ಕಟ್ಟೆಗೆ ಹಲಗೆ ಇದೆಯಾ’ ಅಂದರೆ ಇಲ್ಲ ಅಂತಾರೆ. ‘2 ಇಂಚು ದಪ್ಪ, 4 ಇಂಚು ಅಗಲದ ಪಟ್ಟಿ ಬೇಕು, ಹಳೇ ಸ್ಟಾಕ್‌ನಲ್ಲಿ ಕೊಯ್ದು ಕೊಡಿ’ ಅಂತ ಕೇಳಿ. 2 ಅಡಿ ಅಗಲದ ಒಂದೇ ಹಲಗೆ ಹುಡುಕಲೇಬೇಡಿ. ಪಟ್ಟಿಗಳನ್ನು ಅಂಟಿಸಿ ಮಾಡಿದ್ದೇ ನೆಟ್ಟಗೆ ನಿಲ್ಲುತ್ತದೆ. ಅವರ ಚೌಕಟ್ಟಿನ ಅಳತೆಯ ಮರವನ್ನೇ ಸೀಳಿಸಿಕೊಂಡರೂ ಕೆಲಸ ಆಗುತ್ತದೆ.

ಲೆಕ್ಕ ಹೀಗೆ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 7×24×2 ಅಂದರೆ 336. ಅದನ್ನು 144ರಿಂದ ಭಾಗಿಸಿದರೆ 2.33 ಸಿ.ಎಫ್.ಟಿ., ಅಂದರೆ ಘನ ಅಡಿ. ಗಂಟು, ಬಿರುಕು, ಪ್ಲೇನಿಂಗ್‌ನಲ್ಲಿ ಹೋಗುವುದಕ್ಕೆ ಕಾಲು ಭಾಗ ಸೇರಿಸಿ 3 ಸಿ.ಎಫ್.ಟಿ. ಕೇಳಿ. ಅಂಚಿನ ಬಿಳಿ ಭಾಗ ಬೇಡ, ಚೇಗು, ಅಂದರೆ ಒಳಗಿನ ಗಾಢ ಬಣ್ಣದ ಭಾಗ ಮಾತ್ರ ಇರಲಿ. ಕುಟ್ಟೆ ಹುಳ ಹಿಡಿಯುವುದು ಆ ಬಿಳಿ ಭಾಗಕ್ಕೇ.

ಹಸಿ ಇದೆಯಾ ಅಂತ ನೋಡಲು ಎರಡು ಮೊಳೆಯಂಥ ಪಿನ್ ಇರುವ ಮಾಯಿಶ್ಚರ್ ಮೀಟರ್ ಸಿಗುತ್ತದೆ. ಆದರೆ ಹಲಗೆಯ ಮೇಲ್ಮೈ ಯಾವಾಗಲೂ ಒಣಗಿಯೇ ಇರುತ್ತದೆ, ಅಲ್ಲಿ ಚುಚ್ಚಿ ಪ್ರಯೋಜನ ಇಲ್ಲ. ತುದಿಯಿಂದ ಒಂದಡಿ ಒಳಗೆ ಕೊಯ್ಯಿಸಿ, ಹೊಸದಾಗಿ ಕೊಯ್ದ ಮುಖದ ನಡುವೆ ಚುಚ್ಚಿ. ಬೆಂಗಳೂರಿನ ಮನೆಗೆ 12 ಶೇಕಡಾದ ಆಸುಪಾಸು ಇರಬೇಕು. 18, 20 ತೋರಿಸಿದರೆ ವಾಪಸ್ ಬನ್ನಿ.

ಮೀಟರ್ ಇಲ್ಲದಿದ್ದರೂ ದಾರಿ ಇದೆ. ಕೊಯ್ದ ಸಣ್ಣ ತುಂಡನ್ನು ತಕ್ಷಣ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮನೆಗೆ ತಂದು ಅಡುಗೆ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಸ್ವಲ್ಪ ಮೇಲೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 115 ಗ್ರಾಂ ಇದ್ದದ್ದು 100 ಗ್ರಾಂಗೆ ನಿಂತರೆ ತೇವಾಂಶ 15 ಶೇಕಡಾ. ಮೀಟರಿಗಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ತೀರ್ಥಹಳ್ಳಿ ಕಡೆಯವ

ಹೊನ್ನೆ ಬೇಡ ಸಾರ್. ಮರ ಬಹಳ ಒಳ್ಳೆಯದು, ಬಾಗಿಲು, ಕಿಟಕಿಗೆ ಹೇಳಿ ಮಾಡಿಸಿದ್ದು. ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟು ಕುಡಿಯುವವರನ್ನು ನೋಡಿರುತ್ತೀರಲ್ವಾ? ರಾತ್ರಿ ಕಳೆಯುವುದರೊಳಗೆ ನೀರಿನ ಬಣ್ಣ ಬದಲಾಗಿರುತ್ತದೆ. ಆ ಮರದ ಮೇಲೆ ಹಿಟ್ಟು ನಾದಿದರೆ ಏನಾಗುತ್ತದೆ ಯೋಚಿಸಿ. ಹಲಸಿನಲ್ಲೂ ಹಳದಿ ಬಣ್ಣ ಇದೆ. ಯಾವ ಮರವಾದರೂ ಒಂದು ತುಂಡಿನ ಮೇಲೆ ಒದ್ದೆ ಬಿಳಿ ಬಟ್ಟೆ ರಾತ್ರಿಯಿಡೀ ಹಾಕಿ ನೋಡಿ, ಆಮೇಲೆ ತಗೊಳ್ಳಿ.

ನನ್ನ ಮಾತು ಕೇಳುವುದಾದರೆ ಹಳೇ ಮನೆ ಬಿಚ್ಚಿದ ಮರ ಹುಡುಕಿ. ಮಲೆನಾಡಲ್ಲಿ ಮನೆ ಕೆಡವಿದಾಗ ತೇಗ, ಹಲಸಿನ ತೊಲೆಗಳು ಮಾರಾಟಕ್ಕೆ ಬರುತ್ತವೆ. ಎಷ್ಟೋ ದಶಕ ಸೂರಿನ ಕೆಳಗೆ ಒಣಗಿದ ಮರ. ಅಂಥದ್ದು ಹೊಸದಾಗಿ ಎಲ್ಲಿ ಸಿಗಬೇಕು? ಬೆಂಗಳೂರಿನಲ್ಲೂ ಹಳೇ ಬಾಗಿಲು, ತೊಲೆ ಮಾರುವವರಿದ್ದಾರೆ. ಒಂದೇ ತೊಂದರೆ, ಒಳಗೆ ಮೊಳೆ ಇರುತ್ತದೆ. ಮೊಳೆ ಸಿಕ್ಕಿದರೆ ಬ್ಲೇಡ್ ಹೋಗುತ್ತದೆ ಅಂತ ಸಾಮಿಲ್‌ನವರು ಕೊಯ್ಯಲು ಒಪ್ಪುವುದಿಲ್ಲ. ಮೊದಲೇ ಮೊಳೆ ಕೀಳಿಸಿ, ಸಣ್ಣ ಮೆಟಲ್ ಡಿಟೆಕ್ಟರ್ ಆಡಿಸಿ, ಆಮೇಲೆ ಕೇಳಿ.

ಅಕೇಶಿಯಾ ಕೂಡ ನಮ್ಮ ಕಡೆ ಬೇಕಾದಷ್ಟು ಇದೆ, ಗಟ್ಟಿಯೂ ಹೌದು. ಆದರೆ ಒಣಗುವಾಗ ಸೀಳುತ್ತದೆ. ಒಣಗಿಸಿಟ್ಟವರ ಹತ್ತಿರ ಸಿಕ್ಕರೆ ಮಾತ್ರ ತಗೊಳ್ಳಿ.

ಕಟ್ಟೆಮನೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನ ತೋಟದಲ್ಲಿ ದೊಡ್ಡ ಹಲಸಿನ ಮರ ಇದೆ. ಕಡಿದು ಕೊಯ್ಯಿಸಲಾ ಅಂತ ಕೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ?

ಉಜ್ಜುಗೊರಡು

ಈ ಕಟ್ಟೆಗೆ ಬೇಡ. ಗಾಳಿಯಲ್ಲಿ ಒಣಗಲು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಲೆಕ್ಕ. 2 ಇಂಚಿನ ಹಲಗೆಗೆ ಎರಡು ವರ್ಷ, ಮಲೆನಾಡಿನ ಮಳೆಯಲ್ಲಿ ಇನ್ನೂ ಜಾಸ್ತಿ. ಸ್ವಂತ ತೋಟದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಲೇಬೇಕು, ಸಾಗಿಸಲು ಪಾಸ್ ಬೇಕಾ ಅಂತಲೂ ಅಲ್ಲೇ ಕೇಳಿ. ಕಾಯಿ ಬಿಡುತ್ತಿದ್ದರೆ ಆ ಮರ ಅಲ್ಲೇ ಇರಲಿ ಅನ್ನುವುದು ನನ್ನ ಆಸೆ. ಯಾರ್ಡ್‌ನಿಂದ ಮರ ತಂದರೂ ಬಿಲ್ ಮರೆಯಬೇಡಿ.

ಮಲ್ಲೇಶ್ವರಂ

ಮರದ ಜಾತಿ ಬಗ್ಗೆ ಅನುಮಾನ ಇದ್ದರೆ ಮಲ್ಲೇಶ್ವರಂ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮಾದರಿ ಪರೀಕ್ಷಿಸಿ ಯಾವ ಮರ ಅಂತ ಹೇಳುತ್ತಾರೆ. ಬೇಗ ಮುಗಿಯಬೇಕು ಅಂದರೆ ಆಮದಾಗುವ, ಕಿಲ್ನ್‌ನಲ್ಲಿ (ಬಿಸಿ ಗಾಳಿಯ ಗೂಡಿನಲ್ಲಿ) ಒಣಗಿಸಿದ ಸ್ಟೀಮ್ ಬೀಚ್, ಅಂದರೆ ಹಬೆಯಲ್ಲಿ ಹದ ಮಾಡಿದ ಬೀಚ್ ಮರ ಕೇಳಿ. ರಬ್ಬರ್ ಮರದ ಜೋಡಿಸಿದ ಬೋರ್ಡ್ ಇನ್ನೂ ಸುಲಭ. ಎರಡೂ ಒದ್ದೆಗೆ ತಡೆಯುವುದಿಲ್ಲ. ಸಿಂಕ್ ದೂರ ಇದೆ ಅಂದಿರಿ, ಅದಕ್ಕೇ ಹೇಳಿದೆ.

ಕಟ್ಟೆಮನೆ

ಸಿಕ್ಕಿತು! ಬಿಚ್ಚಿದ ಮನೆಯೊಂದರ ತೇಗದ ತೊಲೆಗಳು. ಮೊಳೆ ಕೀಳಿಸಿ ಕೊಯ್ಯಿಸಿದೆ. ತುಂಡನ್ನು ಓವನ್‌ನಲ್ಲಿಟ್ಟು ತೂಗಿದಾಗ 11 ಶೇಕಡಾ ಬಂತು. ಬಿಳಿ ಬಟ್ಟೆಗೂ ಬಣ್ಣ ಹತ್ತಲಿಲ್ಲ. ಅಂಟು, ಎಣ್ಣೆ ಏನು ಬಳಸಲಿ? ಕೆಳಗಿನ ಫ್ರೇಮಿಗೆ ನೇರ ಸ್ಕ್ರೂ ಹೊಡೆಯಬಹುದಾ?

ಉಜ್ಜುಗೊರಡು

ಕೇಳಿ ಖುಷಿಯಾಯಿತು. ತೇಗದಲ್ಲಿ ಎಣ್ಣೆ ಅಂಶ ಇದೆ, ಹಾಗೇ ಬಿಟ್ಟರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪ್ಲೇನ್ ಮಾಡಿದ ದಿನವೇ ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿ, ಆರಿದ ಮೇಲೆ ಅಂಟಿಸಿ. ಮಾಮೂಲಿ ಬಿಳಿ ಅಂಟು ನೀರಿಗೆ ತಡೆಯುವುದಿಲ್ಲ, ನೀರಿಗೆ ತಡೆಯುವ ಮೆರೈನ್ ಬಗೆಯದ್ದು ತಗೊಳ್ಳಿ.

ಕೊಬ್ಬರಿ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಒಣಗುವ ಎಣ್ಣೆ ಅಲ್ಲ, ಅಂಟಂಟಾಗಿ ಉಳಿದು ಕಮಟು ವಾಸನೆ ಬರುತ್ತದೆ. ಟಂಗ್ ಎಣ್ಣೆ (ಟಂಗ್ ಮರದ ಬೀಜದ್ದು) ಅಥವಾ ಹಸಿ ಅಗಸೆ ಎಣ್ಣೆ ಸರಿ. ಅಗಸೆ ಎಣ್ಣೆ ಒಣಗಲು ವಾರಗಳೇ ಬೇಕು. ಬೇಗ ಒಣಗಲಿ ಅಂತ ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್‌ಸೀಡ್ (ಅದೂ ಅಗಸೆ ಎಣ್ಣೆಯೇ) ತರಬೇಡಿ, ಅದಕ್ಕೆ ಬೇಗ ಒಣಗಿಸುವ ಲೋಹದ ರಾಸಾಯನಿಕ ಸೇರಿಸಿರುತ್ತಾರೆ. ಮೇಲೆ ಎಷ್ಟು ಸಲ ಹಚ್ಚುತ್ತೀರೋ ಕೆಳಗಡೆಯೂ ಅಷ್ಟೇ ಸಲ ಹಚ್ಚಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ.

ನೇರ ಸ್ಕ್ರೂ ಖಂಡಿತ ಬೇಡ. 2 ಅಡಿ ಅಗಲದ ತೇಗ ಮಳೆಗಾಲಕ್ಕೂ ಬೇಸಿಗೆಗೂ ನಡುವೆ 5 ಮಿಲಿಮೀಟರ್‌ವರೆಗೆ ಹಿಗ್ಗಿ ಕುಗ್ಗಬಹುದು. ಬಿಗಿಯಾಗಿ ಹಿಡಿದರೆ ನಡುವೆ ಸೀಳುತ್ತದೆ. ಫ್ರೇಮಿನ ಮುಂದಿನ ಸಾಲಿನ ತೂತು ದುಂಡಗೆ ಇರಲಿ. ಹಿಂದಿನ ಸಾಲಿನದ್ದನ್ನು ಕಟ್ಟೆಯ ಅಗಲದ ದಿಕ್ಕಿಗೆ ಉದ್ದುದ್ದ ಕೊರೆದು, ವಾಷರ್ ಹಾಕಿ ಸ್ಕ್ರೂ ಬಿಗಿ ಮಾಡಿ. ಗೋಡೆ ಕಡೆ 6 ಮಿಲಿಮೀಟರ್ ಸಂದು ಬಿಡಿ. ಅದಕ್ಕೆ ಸಿಮೆಂಟ್ ತುಂಬಿಸಬೇಡಿ. ತೆಳ್ಳನೆ ಪಟ್ಟಿಯೊಂದನ್ನು ಗೋಡೆಗೆ ಮಾತ್ರ ಅಂಟಿಸಿದರೆ ಸಂದು ಕಾಣುವುದಿಲ್ಲ.