ಮರ ನೆಟ್ಟು 6 ವರ್ಷವಾಯಿತು, ಬೀದಿ ಇನ್ನೂ ಕಾದ ಹೆಂಚಿನಂತೆ ಸುಡುತ್ತಿದೆ. ಏನು ಮಾಡಬೇಕು?

ಬಿಸಿಲುಬೀದಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ 6 ವರ್ಷದ ಹಿಂದೆ 14 ಸಸಿ ನೆಟ್ಟೆವು. 11 ಉಳಿದಿವೆ, ಆದರೆ ಬೆಳವಣಿಗೆ ನಿಂತೇ ಹೋಗಿದೆ. ಬೇಸಿಗೆ ಬಂದರೆ ಎಲೆಯ ಅಂಚು ಕಂದಿ ಸುರುಟಿಕೊಳ್ಳುತ್ತದೆ. ಮಧ್ಯಾಹ್ನ ಬರಿಗಾಲಲ್ಲಿ ಬೀದಿಗೆ ಇಳಿಯೋಕೆ ಆಗುವುದಿಲ್ಲ. ರಾತ್ರಿ 10 ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ಅಮ್ಮನಿಗೆ 78 ವರ್ಷ, ಸೆಕೆಗೆ ನಿದ್ದೆಯೇ ಹತ್ತುತ್ತಿಲ್ಲ. ಇನ್ನೂ 20 ಸಸಿ ನೆಡೋಣ ಅಂತ ಕೆಲವರು ಹೇಳುತ್ತಿದ್ದಾರೆ. ಮರದಿಂದ ತಂಪಾಗುತ್ತದೆ ಅನ್ನುವುದೇ ಬರೀ ಮಾತು ಅಂತ ಇನ್ನು ಕೆಲವರು. ಯಾವುದು ಸರಿ?

ಬೇರುಮಣ್ಣು:
ಹೊಸ ಸಸಿ ತರುವ ಮೊದಲು ಒಂದು ಕೆಲಸ ಮಾಡಿ. ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಮರದ ಬುಡದಿಂದ 2 ಅಡಿ ಆಚೆ ಮಣ್ಣಿಗೆ ಚುಚ್ಚಿ. ಕೈಬಲಕ್ಕೆ ಒಂದು ಗೇಣಾದರೂ ಇಳಿಯುತ್ತದಾ ನೋಡಿ. ಇಳಿಯದಿದ್ದರೆ ನಿಮ್ಮ ಮರದ ಬೇರೂ ಅಲ್ಲಿ ಇಳಿದಿಲ್ಲ ಅಂತಲೇ ತಿಳಿಯಿರಿ.

ರಸ್ತೆ ಬದಿಯ ಮರ ನೋಡಿಕೊಳ್ಳುವುದೇ 19 ವರ್ಷದಿಂದ ನನ್ನ ಕೆಲಸ. ಒಮ್ಮೆ ಒಣಗಿದ 8 ವರ್ಷದ ಮರವೊಂದನ್ನು ಕಿತ್ತೆವು. ಬೇರೆಲ್ಲ ಗುಂಡಿಯೊಳಗೇ ಸುತ್ತಿ ಸುತ್ತಿ, ಕುಂಡದಲ್ಲಿ ಬೆಳೆದ ಗಿಡದ ಹಾಗೆ ಮುದ್ದೆಯಾಗಿತ್ತು. ಗುಂಡಿಯ ಗೋಡೆ ಕಲ್ಲಿನಂತೆ ಗಟ್ಟಿ. ರೋಲರ್ ಓಡಿಸಿದ ನೆಲ ಅದು. ಇಟ್ಟಿಗೆ ಚೂರು, ಒಣಗಿದ ಸಿಮೆಂಟ್ ಹೆಂಟೆ ಎಲ್ಲ ಒಳಗೇ ಇತ್ತು. 8 ವರ್ಷ ಆ ಮರ ಹೊರಗೆ ಹೋಗೋಕೆ ದಾರಿ ಹುಡುಕಿ ಹುಡುಕಿ ಸತ್ತಿದೆ. ಅವತ್ತಿನಿಂದ ನಾನು ಮರ ನೋಡುವಾಗ ಮೊದಲು ಕೆಳಗೆ ನೋಡುತ್ತೇನೆ.

ತಂಪಾಗುವುದು ಎರಡು ದಾರಿಯಲ್ಲಿ. ಒಂದು ನೆರಳು. ಸುಡುಬಿಸಿಲಲ್ಲಿ ಡಾಂಬರಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ನೆರಳಿದ್ದರೆ ಆ ಕಾವು ರಸ್ತೆಗೂ ಗೋಡೆಗೂ ಇಳಿಯುವುದೇ ಇಲ್ಲ, ರಾತ್ರಿ ಹೊರಗೆ ಬರುವುದೂ ಇಲ್ಲ. ನಿಮ್ಮ ಗೋಡೆ ರಾತ್ರಿ ಬಿಸಿ ಇರುವುದು ಹಗಲು ಕುಡಿದ ಬಿಸಿಲಿನಿಂದಲೇ. ಇನ್ನೊಂದು ದಾರಿ ನೀರು. ಬೇರು ಹೀರಿದ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು 2 ಕಿಲೋವ್ಯಾಟ್ ಹೀಟರ್ ಸುಮಾರು 20 ನಿಮಿಷ ಉರಿದಷ್ಟು ಶಾಖ ಬೇಕು. ಆ ಶಾಖವನ್ನೆಲ್ಲ ಮರ ಸುತ್ತಲಿನಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಲ್ಲಿ ತೇವ ಇಲ್ಲದಿದ್ದರೆ? ಎಲೆ ಜೀವ ಉಳಿಸಿಕೊಳ್ಳೋಕೆ ರಂಧ್ರ ಮುಚ್ಚಿಬಿಡುತ್ತದೆ. ಮರ ನಿಂತಿರುತ್ತದೆ, ಕೆಲಸ ಮಾಡುವುದಿಲ್ಲ. ಒಣಗಿದ ಹುಲ್ಲುಹಾಸಿನದೂ ಅದೇ ಕಥೆ.

ಹಾಗಾಗಿ 20 ಸಸಿ ಆಮೇಲೆ. ಮೊದಲು ಇರುವ 11 ಮರ ಉಳಿಸಿ. ಬುಡಕ್ಕೆ ಅಂಟಿಸಿದ ಕಾಂಕ್ರೀಟ್ ಇದ್ದರೆ, ಅನುಮತಿ ಪಡೆದು, ಬೇರಿಗೆ ಪೆಟ್ಟಾಗದಂತೆ ಒಡೆಸಿ ಪಾತಿಯನ್ನು ಆದಷ್ಟು ಅಗಲ ಮಾಡಿ. ದಯವಿಟ್ಟು ಗುದ್ದಲಿ ಹಾಕಿ ಅಗೆಯಬೇಡಿ, ನೀರು ಹೀರುವ ಸಣ್ಣ ಬೇರೆಲ್ಲ ಮೇಲೇ ಇರುತ್ತವೆ. ಹಾರೆಯಿಂದ ಅಲ್ಲಲ್ಲಿ ತೂತು ಮಾಡಿ, ಚೆನ್ನಾಗಿ ಕೊಳೆತ ಕಾಂಪೋಸ್ಟ್ ತುಂಬಿ. ಮೇಲೆ 3 ಇಂಚು ತರಗೆಲೆ ಹೊದಿಸಿ. ಕಾಂಡಕ್ಕೆ ತಾಗಬಾರದು, ತಾಗಿದರೆ ತೊಗಟೆ ಕೊಳೆಯುತ್ತದೆ. ಎಲೆ ಕೊಳೆತು ಎರೆಹುಳು ಬಂದರೆ ಮುಂದಿನ ಕೆಲಸ ಅವೇ ನೋಡಿಕೊಳ್ಳುತ್ತವೆ. ನಮ್ಮ ಹಾರೆಗಿಂತ ಚೆನ್ನಾಗಿ!

ಮೂರನೇಮಹಡಿ:
ಬೇಸಿಗೆಯಲ್ಲಿ ಮನೆಗೇ ನೀರು ಸಾಲದು. ಮರಕ್ಕೆ ಸುರಿಯುವುದು ಸರಿ ಅಲ್ವಲ್ಲ?

ಬೇರುಮಣ್ಣು:
ನಿಮ್ಮ ಚಿಂತೆ ನ್ಯಾಯವಾದದ್ದೇ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ ಇದನ್ನು ಅನುಭವಿಸಿ ಕಲಿತಿತು. 1997ರಿಂದ 2009ರವರೆಗೆ ದೊಡ್ಡ ಬರ. ನೀರಿಗೆ ಕಡಿವಾಣ ಬಿತ್ತು, ಹಳೆಯ ಮರಗಳು ಸೊರಗಿದವು. 2012ರಲ್ಲಿ ಅವರು ಮಾಡಿದ ಯೋಜನೆಯಲ್ಲಿ ಮರದ ನೆರಳನ್ನು 2040ರೊಳಗೆ 22 ಪ್ರತಿಶತದಿಂದ 40ಕ್ಕೆ ಏರಿಸುವ ಗುರಿ ಇದೆ. ಅದರ ಜೊತೆಗೇ ಮಣ್ಣಿನ ತೇವ ಕಾಪಾಡುವ ಗುರಿಯನ್ನೂ ಇಟ್ಟುಕೊಂಡಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯದೇ.

ನಲ್ಲಿ ನೀರು ಬೇಡ. ಮಳೆ ನೀರು ಈಗ ರಸ್ತೆ ಮೇಲೆ ಓಡಿ ಚರಂಡಿ ಸೇರುತ್ತಿದೆ ಅಲ್ವಾ? ಪಾತಿಯನ್ನು ರಸ್ತೆಗಿಂತ ಸ್ವಲ್ಪ ತಗ್ಗಿಸಿ, ಅಂಚುಗಲ್ಲಲ್ಲಿ ಒಂದು ಕಿಂಡಿ ಬಿಡಿ. ಮಣ್ಣು ಸಡಿಲವಾಗಿದ್ದರೆ ನೀರು ಇಂಗುತ್ತದೆ, ಬೇಸಿಗೆಗೆ ಅಷ್ಟಾದರೂ ಉಳಿಯುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಪಾದಚಾರಿ ದಾರಿಯ ಕೆಳಗೇ ದಪ್ಪ ಜಲ್ಲಿ ತುಂಬಿ, ನಡುವೆ ಮಣ್ಣು ಮತ್ತು ಇದ್ದಿಲು ಸೇರಿಸಿ, ಬೇರಿಗೂ ಮಳೆ ನೀರಿಗೂ ಜಾಗ ಮಾಡಿದ್ದಾರೆ. ಮೇಲೆ ಜನ ಓಡಾಡುತ್ತಾರೆ, ಕೆಳಗೆ ಬೇರು ಉಸಿರಾಡುತ್ತದೆ.

ತಾರಸಿಗಿಡ:
ಒಂದು ಮಾತು ಸೇರಿಸುತ್ತೇನೆ. ಮರದಿಂದ ಪವಾಡ ಆಗುತ್ತದೆ ಅಂತ ಯಾರಿಗೂ ಹೇಳಬೇಡಿ, ಆಮೇಲೆ ನಂಬಿಕೆಯೇ ಹೋಗುತ್ತದೆ. ಯುರೋಪಿನ 93 ನಗರಗಳ ಬಗ್ಗೆ 2023ರಲ್ಲಿ ಒಂದು ಅಧ್ಯಯನ ಬಂತು. ಮರದ ಹೊದಿಕೆಯನ್ನು 30 ಪ್ರತಿಶತಕ್ಕೆ ಏರಿಸಿದರೆ ಬೇಸಿಗೆಯ ಗಾಳಿ ಸರಾಸರಿ 0.4 ಡಿಗ್ರಿ ಮಾತ್ರ ತಂಪಾಗುತ್ತದೆ ಅಂತ ಅದರ ಲೆಕ್ಕ. ಆದರೆ ನಗರದ ಹೆಚ್ಚುವರಿ ಶಾಖದಿಂದ ಆಗುವ ಸಾವುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಅಷ್ಟರಿಂದಲೇ ತಪ್ಪಬಹುದಂತೆ. ನಿಮ್ಮ ಅಮ್ಮನಂಥ ಹಿರಿಯರಿಗೆ ಅದು ಸಣ್ಣದಲ್ಲ. ಇನ್ನೊಂದು, ಇಕ್ಕಟ್ಟಾದ ಬೀದಿಯಲ್ಲಿ ಕೊಂಬೆಗಳು ಪೂರ್ತಿ ಕೂಡಿಕೊಂಡರೆ ರಾತ್ರಿ ಬಿಸಿ ಮೇಲೆ ಹೋಗುವುದಿಲ್ಲ. ಅಲ್ಲಲ್ಲಿ ಆಕಾಶ ಕಾಣಲಿ.

ಬಿಸಿಲುಬೀದಿ:
ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. 11ರಲ್ಲಿ 9 ಮರದ ಹತ್ತಿರ ಒಂದು ಇಂಚೂ ಇಳಿಯಲಿಲ್ಲ. ಉಳಿದ ಎರಡರ ಹತ್ತಿರ ಸಲೀಸಾಗಿ ಇಳಿಯಿತು. ಆ ಎರಡೂ ಖಾಲಿ ಜಾಗದ ಬೇಲಿ ಪಕ್ಕದಲ್ಲಿವೆ, ಕಾಂಕ್ರೀಟ್ ಇಲ್ಲ, ತರಗೆಲೆ ಯಾರೂ ಗುಡಿಸುವುದಿಲ್ಲ. ಬೀದಿಯಲ್ಲಿ ದೊಡ್ಡ ನೆರಳು ಇರುವುದೂ ಆ ಎರಡಕ್ಕೇ. ಇಷ್ಟು ದಿನ ಅದೇನೋ ಒಳ್ಳೆ ಸಸಿ ಇರಬೇಕು ಅಂದುಕೊಂಡಿದ್ದೆವು. ಕಾಂಕ್ರೀಟ್ ಒಡೆಯಲು ಅನುಮತಿಗೆ ಅರ್ಜಿ ಬರೆಯುತ್ತಿದ್ದೇನೆ. ಪಾತಿ ಎಷ್ಟು ಅಗಲ ಅಂತ ಬರೆಯಲಿ?

ಬೇರುಮಣ್ಣು:
ಜಾಗ ಕಡಿಮೆ ಇದ್ದರೆ ಅಗಲಕ್ಕೆ ಹಟ ಹಿಡಿಯಬೇಡಿ, ಉದ್ದಕ್ಕೆ ಕೇಳಿ. ಮರದಿಂದ ಮರಕ್ಕೆ ಒಂದೇ ಪಟ್ಟಿಯಾಗಿ ಮಣ್ಣು ಬಿಟ್ಟರೆ ಬೇರುಗಳು ಜಾಗ ಹಂಚಿಕೊಳ್ಳುತ್ತವೆ. ಮತ್ತೆ, ತರಗೆಲೆ ಗುಡಿಸಿ ಸುಡುವುದನ್ನು ಇವತ್ತೇ ನಿಲ್ಲಿಸಿ. ಅದಕ್ಕೆ ಯಾರ ಅನುಮತಿಯೂ ಬೇಡ.